ಖಾರದ ಡೆವಿಲ್ಡ್ ಎಗ್ಸ್: ಕಲಬುರಗಿಯ ಮನೆ ಪಾರ್ಟಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ಹುಟ್ಟುಹಬ್ಬ, ಹೊಸ ಮನೆ, ಹೊಸ ನೌಕರಿ, ನೆಪ ಏನೇ ಇರಲಿ, ಇಪ್ಪತ್ತು ಮಂದಿ ಸೇರಿದರೆ ನಾನು ಇದನ್ನು ಮಾಡುತ್ತೇನೆ. ತಾಟು ಖಾಲಿಯಾದ ಮೇಲೆ ಫೋನ್ ಶುರು. ಪ್ರತಿ ಸಲ ಅದೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಮ್ಮ ಕಡೆ ಮೊಟ್ಟೆಗೆ ತತ್ತಿ ಅನ್ನುತ್ತಾರೆ, ಇಲ್ಲೂ ಅದೇ ಇರಲಿ.

ಡೆವಿಲ್ಡ್ ಎಗ್ಸ್ ಅಂದ್ರೆ ಏನು? ಹೆಸರು ಯಾಕೆ ಹೀಗೆ?

ಗಟ್ಟಿಯಾಗಿ ಬೇಯಿಸಿದ ತತ್ತಿಯನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಹಳದಿ ತೆಗೆದು, ಅದಕ್ಕೆ ಮೇಯೊನೇಸ್, ಸಾಸಿವೆ ಸಾಸ್, ಖಾರ, ಹುಳಿ ಕಲಸಿ, ಮತ್ತೆ ಅದೇ ಬಿಳಿ ಗುಳಿಗೆ ತುಂಬುವುದು. ಇಷ್ಟೇ. ಒಲೆ ಹಚ್ಚುವುದು ಒಂದೇ ಸಲ.

18ನೇ ಶತಮಾನದ ಇಂಗ್ಲಿಷಿನಲ್ಲಿ ಖಾರ, ಮಸಾಲೆ ಜಾಸ್ತಿ ಹಾಕಿದ ಅಡುಗೆಗೆ ‘ಡೆವಿಲ್’ ಅನ್ನುವ ಮಾತು ಸೇರಿಕೊಂಡಿತು. ಬಾಯಿ ಉರಿಯುತ್ತದೆ, ಅದಕ್ಕೆ ಸೈತಾನನ ನೆನಪು. ಅಮೆರಿಕದ ಕೆಲವು ಕಡೆ ಚರ್ಚಿನ ಊಟಕ್ಕೆ ಈ ಹೆಸರು ಬೇಡ ಅಂತ ‘ಸ್ಟಫ್ಡ್ ಎಗ್ಸ್’ ಅನ್ನುವುದೂ ಉಂಟು. ನಮ್ಮ ಅತ್ತೆಯವರು ಮೊದಲ ಸಲ ಹೆಸರು ಕೇಳಿ, ‘ಇದೇನವ್ವಾ, ದೆವ್ವ ಹೊಕ್ಕ ತತ್ತಿ ಏನು?’ ಅಂದಿದ್ದರು. ಈಗ ಮನೆಯಲ್ಲಿ ದೆವ್ವದ ತತ್ತಿ ಅಂತಲೇ ಹೆಸರು.

ತಿನಿಸು ಮಾತ್ರ ಹೆಸರಿಗಿಂತ ಬಹಳ ಹಳೆಯದು. ಬೇಯಿಸಿದ ತತ್ತಿಗೆ ಮಸಾಲೆ ಸಾರು ಹಾಕಿ ಊಟದ ಮೊದಲು ಬಡಿಸುವ ರೂಢಿ ಪ್ರಾಚೀನ ರೋಮಿನಲ್ಲೇ ಇತ್ತು. ಹಳದಿ ತೆಗೆದು ಮಸಾಲೆ ಕಲಸಿ ತುಂಬುವ ಕ್ರಮ 13ನೇ ಶತಮಾನದ ಸ್ಪೇನಿನಲ್ಲಿ, ಮುಸ್ಲಿಂ ಅರಸರ ಆಳ್ವಿಕೆಯ ಆಂಡಲೂಸಿಯಾದಲ್ಲಿ ಇತ್ತು. ಅವರು ಕೊತಂಬರಿ, ಉಳ್ಳಾಗಡ್ಡಿ ರಸ, ಮೆಣಸು ಹಾಕುತ್ತಿದ್ದರು. ಮೆಣಸಿನಕಾಯಿ ಆಗಿನ್ನೂ ಅಮೆರಿಕ ಖಂಡ ಬಿಟ್ಟು ಹೊರಗೆ ಬಂದಿರಲಿಲ್ಲ. ಅಂದರೆ ನಾವೀಗ ಹಾಕುವ ಕೆಂಪು ಖಾರವೇ ಇದರಲ್ಲಿ ತೀರಾ ಹೊಸದು.

ಎಷ್ಟು ಮಂದಿಗೆ ಎಷ್ಟು ತತ್ತಿ?

ಬೇರೆ ತಿಂಡಿ ಇದ್ದರೆ ಒಬ್ಬರಿಗೆ ಮೂರು ಹೋಳು ಹಿಡಿಯಿರಿ. 25 ಮಂದಿಗೆ 75 ಹೋಳು, ಅಂದರೆ 38 ತತ್ತಿ. ಎರಡು ಮೂರು ಒಡೆಯುತ್ತವೆ, ಒಂದೆರಡರ ಬಿಳಿ ಹರಿಯುತ್ತದೆ. ಒಂದು ಟ್ರೇ ಮೇಲೆ ಒಂದು ಡಜನ್ ತಂದರೆ ನಿಶ್ಚಿಂತೆ. ಮಿರ್ಚಿ ಭಜಿ ಕೂಡ ಇಟ್ಟಿದ್ದರೆ ಒಬ್ಬರಿಗೆ ಎರಡೇ ಸಾಕು. ಕಲಬುರಗಿಯಲ್ಲಿ ಬಿಸಿ ಭಜಿಯ ಎದುರು ಯಾವ ತಣ್ಣನೆಯ ತಿಂಡಿಯೂ ಗೆಲ್ಲುವುದಿಲ್ಲ, ನಾನು ಒಪ್ಪಿಕೊಂಡುಬಿಟ್ಟಿದ್ದೇನೆ.

ಜವಾರಿ ತತ್ತಿ ತರಬೇಕಾ, ಫಾರಂ ತತ್ತಿ ಸಾಕಾ?

ಫಾರಂ ತತ್ತಿ ಸಾಕು. ಎಲ್ಲ ಒಂದೇ ಅಳತೆ ಇರುತ್ತವೆ, ಒಟ್ಟಿಗೆ ಬೇಯುತ್ತವೆ. ಜವಾರಿ ತತ್ತಿ ರುಚಿ ಇರಬಹುದು, ಆದರೆ ಸಣ್ಣದು, ಬಿಳಿಯ ಗುಳಿಯಲ್ಲಿ ತುಂಬಲು ಜಾಗವೇ ಇರುವುದಿಲ್ಲ. ಹಳದಿಯ ಬಣ್ಣ ಕೋಳಿ ತಿಂದ ಕಾಳಿನ ಮೇಲೆ ಹೋಗುತ್ತದೆ, ಅದರಿಂದ ತತ್ತಿಯ ಗುಣ ಅಳೆಯಬೇಡಿ.

ಸಿಪ್ಪೆ ಬಿಡಿಸುವಾಗ ಬಿಳಿ ಕಿತ್ತು ಬರುತ್ತದೆ. ಏನು ತಪ್ಪು?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ತಪ್ಪು ನಿಮ್ಮದಲ್ಲ, ತತ್ತಿ ತಾಜಾ ಇದೆ ಅಷ್ಟೇ. ಹೊಸ ತತ್ತಿಯ ಬಿಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇರುತ್ತದೆ. ಹಾಗಾಗಿ ಬೆಂದಾಗ ಬಿಳಿ ಒಳಪೊರೆಗೆ ಅಂಟಿಕೊಳ್ಳುತ್ತದೆ. ದಿನ ಕಳೆದಂತೆ ಆ ಅನಿಲ ಚಿಪ್ಪಿನ ಸಣ್ಣ ತೂತುಗಳಿಂದ ಹೊರಗೆ ಹೋಗಿ ಅಂಟು ಕಡಿಮೆಯಾಗುತ್ತದೆ. ಆದ್ದರಿಂದ ಪಾರ್ಟಿಗೆ ಒಂದು ವಾರ ಮುಂಚೆ ತಂದು ಫ್ರಿಜ್‌ನಲ್ಲಿಡಿ. ಆಮ್ಲೆಟ್ಟಿಗೆ ಹೊಸದು, ಇದಕ್ಕೆ ಹಳೆಯದು.

ಎರಡನೆಯ ಮಾತು, ತಣ್ಣೀರಿನಲ್ಲಿ ಇಟ್ಟು ಕುದಿಸಬೇಡಿ. ನೀರು ಕುದಿಯುತ್ತಿರುವಾಗಲೇ ತತ್ತಿ ಇಳಿಸಿ. ಒಮ್ಮೆಲೇ ಬಿಸಿ ತಾಗಿದರೆ ಬಿಳಿ ಪೊರೆಯನ್ನು ಬಿಟ್ಟು ಗಟ್ಟಿಯಾಗುತ್ತದೆ. ಫ್ರಿಜ್‌ನಿಂದ ತೆಗೆದ ತಕ್ಷಣ ಹಾಕಿದರೆ ಚಿಪ್ಪು ಬಿರಿಯುತ್ತದೆ, ಹತ್ತು ನಿಮಿಷ ನಲ್ಲಿ ನೀರಿನಲ್ಲಿ ಇಟ್ಟು ಆಮೇಲೆ ಹಾಕಿ. ನಮ್ಮೂರ ಬೇಸಿಗೆಯಲ್ಲಿ ನಲ್ಲಿ ನೀರೇ ಉಗುರುಬೆಚ್ಚಗೆ ಬರುತ್ತದಲ್ಲ, ಆ ಶಾಪ ಇಲ್ಲಿ ವರ.

ಮೂವತ್ತು ನಲವತ್ತು ತತ್ತಿ ಇದ್ದರೆ ನಾನು ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡುತ್ತೇನೆ. ತಳದಲ್ಲಿ ನೀರು, ಮೇಲೆ ತೂತಿನ ತಟ್ಟೆ, ಅದರ ಮೇಲೆ ತತ್ತಿ, ಒಂದರ ಮೇಲೊಂದು ಪೇರಿಸದೆ. ಹಬೆ ಜೋರಾಗಿ ಬಂದ ಮೇಲೆ 12ರಿಂದ 13 ನಿಮಿಷ. ಕುದಿಯುವ ನೀರಿನಲ್ಲಾದರೆ 11ರಿಂದ 12. ಹಬೆಯಲ್ಲಿ ತತ್ತಿಗಳು ಒಂದಕ್ಕೊಂದು ಬಡಿದು ಒಡೆಯುವ ಭಯ ಇಲ್ಲ, ಸಿಪ್ಪೆಯೂ ಸಲೀಸು.

ಬಿಡಿಸುವಾಗ ದಪ್ಪ ತುದಿಯಿಂದ ಶುರು ಮಾಡಿ, ಗಾಳಿಯ ಗೂಡು ಅಲ್ಲೇ ಇರುವುದು. ನೀರು ತುಂಬಿದ ಬೋಗುಣಿಯೊಳಗೆ ಬಿಡಿಸಿದರೆ ನೀರೇ ಪೊರೆಯ ಕೆಳಗೆ ನುಗ್ಗಿ ಅರ್ಧ ಕೆಲಸ ಮಾಡುತ್ತದೆ.

ಕುಕ್ಕರಿನಲ್ಲಿ ಬೇಯಿಸಬಹುದಾ?

ಸಾರಿಗೆ ಆದರೆ ಬೇಯಿಸಿ. ಇದಕ್ಕೆ ಬೇಡ. ಸೀಟಿ ಲೆಕ್ಕದಲ್ಲಿ ನಿಮಿಷದ ಲೆಕ್ಕ ತಪ್ಪುತ್ತದೆ, ಹಳದಿ ಅತಿಯಾಗಿ ಬೇಯುತ್ತದೆ.

ಹಳದಿ ಸುತ್ತ ಹಸಿರು ಗೆರೆ ಬಂದಿದೆ. ತಿನ್ನಬಹುದಾ?

ತಿನ್ನಬಹುದು, ವಿಷ ಅಲ್ಲ. ಜಾಸ್ತಿ ಹೊತ್ತು ಬೇಯಿಸಿದಾಗ ಬಿಳಿಯಲ್ಲಿರುವ ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ, ಹಳದಿಯಲ್ಲಿರುವ ಕಬ್ಬಿಣದ ಜೊತೆ ಸೇರಿ ಆ ಬಣ್ಣ ಬರುತ್ತದೆ. ಅದರೊಂದಿಗೆ ಬರುವ ವಾಸನೆ ಮಾತ್ರ ಪಾರ್ಟಿಗೆ ಒಳ್ಳೆಯದಲ್ಲ. ಒಲೆಯಿಂದ ಇಳಿಸಿದ ಕೂಡಲೇ ಐಸ್ ಹಾಕಿದ ನೀರಿಗೆ ಹಾಕಿ, ಹದಿನೈದು ನಿಮಿಷ ಬಿಡಿ. ಬೇಯುವುದು ಅಲ್ಲಿಗೇ ನಿಲ್ಲುತ್ತದೆ. ಬರೀ ನಲ್ಲಿ ನೀರು ಸಾಲದು, ಕಾರಣ ಮೇಲೆ ಹೇಳಿದ್ದೇ.

ಹಳದಿ ಒಂದು ಕಡೆ ಸರಿದು ಬಿಳಿ ತೆಳ್ಳಗಾಗುತ್ತದೆ, ಏನು ಮಾಡಲಿ?

ನೀರಿನಲ್ಲಿ ಬೇಯಿಸುವವರು ಮೊದಲ ಎರಡು ಮೂರು ನಿಮಿಷ ಚಮಚದಿಂದ ಮೆಲ್ಲಗೆ ತಿರುಗಿಸುತ್ತಾ ಇರಿ. ಹಿಂದಿನ ರಾತ್ರಿ ತತ್ತಿಗಳನ್ನು ಅಡ್ಡ ಮಲಗಿಸಿ ಇಡುವುದೂ ಸಹಾಯ ಮಾಡುತ್ತದೆ.

ಕಲಸುವ ಅಳತೆ ಹೇಳಿ.

12 ತತ್ತಿಗೆ, ಅಂದರೆ 24 ಹೋಳಿಗೆ, ನನ್ನ ಅಳತೆ ಇದು. ಮೇಯೊನೇಸ್ ಮೂರು ದೊಡ್ಡ ಚಮಚ, ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು ಮೂರು ದೊಡ್ಡ ಚಮಚ, ಬಾಟಲಿ ಸಾಸಿವೆ ಸಾಸ್ ಒಂದು ಸಣ್ಣ ಚಮಚ, ನಿಂಬೆ ರಸ ಒಂದು ಸಣ್ಣ ಚಮಚ, ಕೆಂಪು ಖಾರ ಒಂದು ಸಣ್ಣ ಚಮಚ, ಶೇಂಗಾ ಹಿಂಡಿ (ಶೇಂಗಾ ಚಟ್ನಿ ಪುಡಿ) ಎರಡು ಸಣ್ಣ ಚಮಚ. ಉಪ್ಪು ಕೊನೆಗೆ, ರುಚಿ ನೋಡಿ. ಹಿಂಡಿಯಲ್ಲೂ ಮೇಯೊನೇಸಿನಲ್ಲೂ ಉಪ್ಪು ಇರುವುದರಿಂದ ಕೈ ಹಿಡಿದು ಹಾಕಿ.

ಹಳದಿಯನ್ನು ಚಹಾ ಸೋಸುವ ಜಾಲರಿಯಲ್ಲಿ ಚಮಚದಿಂದ ತಿಕ್ಕಿ ಇಳಿಸಿ. ಬೇಜಾರಿನ ಕೆಲಸ, ಆದರೆ ಗಂಟಿಲ್ಲದೆ ಬೆಣ್ಣೆಯ ಹಾಗೆ ಆಗಲು ಬೇರೆ ದಾರಿ ಇಲ್ಲ. ಮಿಕ್ಸಿಗೆ ಹಾಕಿದರೆ ಅಂಟಂಟಾಗುತ್ತದೆ, ನನಗೆ ಸೇರುವುದಿಲ್ಲ. ಮೇಯೊನೇಸ್, ಮೊಸರನ್ನು ಒಮ್ಮೆಲೇ ಸುರಿಯಬೇಡಿ. ಚಮಚ ಓರೆ ಮಾಡಿದರೆ ಬೀಳದೆ ನಿಲ್ಲಬೇಕು, ಅಷ್ಟು ಗಟ್ಟಿ ಸಾಕು.

ಶೇಂಗಾ ಹಿಂಡಿ ಯಾಕೆ? ಮೂಲದಲ್ಲಿ ಇಲ್ಲವಲ್ಲ?

ಇಲ್ಲ. ಮೂಲದಲ್ಲಿ ಮೇಯೊನೇಸ್, ಸಾಸಿವೆ, ವಿನೆಗರ್, ಮೇಲೆ ಒಂದು ಚಿಟಿಕೆ ಪ್ಯಾಪ್ರಿಕಾ. ಒಂದು ಸಲ ಹಾಗೇ ಮಾಡಿದೆ. ಬಂದವರು ಒಂದು ತಿಂದು, ‘ಛಲೋ ಅದ, ಆದ್ರ ಸಪ್ಪಗದ’ ಅಂದರು. ಎರಡನೆಯದಕ್ಕೆ ಯಾರೂ ಕೈ ಚಾಚಲಿಲ್ಲ. ಮುಂದಿನ ಸಲ ರೊಟ್ಟಿಗೆ ಇಟ್ಟಿದ್ದ ಹಿಂಡಿಯನ್ನೇ ಕಲಸಿದೆ. ಹುರಿದ ಶೇಂಗಾ, ಬಳ್ಳೊಳ್ಳಿ, ಜೀರಿಗೆ, ಒಣಖಾರ, ನಾಲ್ಕೂ ಕುಟ್ಟಿ ಆಗಲೇ ಒಂದಾಗಿರುತ್ತವೆ. ಹಳದಿಯ ಜಿಡ್ಡಿಗೆ ಶೇಂಗಾದ ಜಿಡ್ಡು ಸೇರಿ ತೂಕ ಬರುತ್ತದೆ. ಶೇಂಗಾ ಆಗದವರು ಬಂದಿದ್ದರೆ ಮೊದಲೇ ಕೇಳಿ, ಅವರ ಪಾಲನ್ನು ಬೇರೆ ಬಟ್ಟಲಲ್ಲಿ ಹಿಂಡಿ ಇಲ್ಲದೆ ಕಲಸಿ.

ಗುರೆಳ್ಳು ಹಿಂಡಿಯೂ ರುಚಿಯೇ, ಆದರೆ ತುಂಬಿದ್ದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಒಳಗೆ ಕಲಸದೆ ಮೇಲೆ ಉದುರಿಸಿ. ಅಗಸಿ ಹಿಂಡಿ ಬೇಡವೇ ಬೇಡ. ಅಗಸಿ ತೇವಕ್ಕೆ ಲೋಳೆ ಬಿಡುತ್ತದೆ.

ಯಾವ ಖಾರ ಹಾಕಬೇಕು?

ಬಣ್ಣಕ್ಕೆ ಬ್ಯಾಡಗಿ, ಉರಿಗೆ ಗುಂಟೂರು. ಮೇಲೆ ಉದುರಿಸಲು ಬ್ಯಾಡಗಿ ಪುಡಿ ಪ್ಯಾಪ್ರಿಕಾದ ಜಾಗವನ್ನು ಸರಿಯಾಗಿ ತುಂಬುತ್ತದೆ. ಕೆಂಪು ಗಾಢ, ಖಾರ ಕಡಿಮೆ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲಿ ಜಿಐ, ಅಂದರೆ ಇದು ಈ ಊರಿನದೇ ಅನ್ನುವ ಭೌಗೋಳಿಕ ಗುರುತು ಸಿಕ್ಕಿದೆ, ಅದರ ಬಣ್ಣಕ್ಕೇ ದೊಡ್ಡ ಬೇಡಿಕೆ. ಒಳಗೆ ಕಲಸಲು ಎರಡೂ ಸಮ ಸಮ ಬೆರೆಸಿ.

ಚಳಿಗಾಲದಲ್ಲಿ ಹಣ್ಣು ಮೆಣಸಿನಕಾಯಿ ಬಂದಾಗ ರಂಜಕ ಅರೆದಿಟ್ಟಿದ್ದರೆ ಪುಡಿಯನ್ನು ಮರೆತುಬಿಡಿ. 12 ತತ್ತಿಗೆ ಒಂದೂವರೆ ಸಣ್ಣ ಚಮಚ ರಂಜಕ ಸಾಕು. ಅದರಲ್ಲಿ ಹುಳಿ, ಉಪ್ಪು, ಬಳ್ಳೊಳ್ಳಿ ಎಲ್ಲ ಇರುವುದರಿಂದ ನಿಂಬೆ ಅರ್ಧ ಮಾಡಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮೇಲು. ಹಸಿ ಮೆಣಸಿನಕಾಯಿ ಬಳಸುವವರು ಉಪ್ಪಿನ ಜೊತೆ ಕಲ್ಲಿನಲ್ಲಿ ಜಜ್ಜಿ ಹಾಕಿ. ಹೆಚ್ಚಿ ಹಾಕಿದರೆ ತುಂಬುವ ಚೀಲದ ಬಾಯಿಗೆ ಚೂರು ಸಿಕ್ಕಿಕೊಳ್ಳುತ್ತದೆ.

ಕಲಸುವಾಗ ಖಾರ ಸರಿ ಇತ್ತು, ಬಡಿಸುವಾಗ ಜಾಸ್ತಿ ಆಯಿತು. ಯಾಕೆ?

ಖಾರ ಕೊಡುವ ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ, ಜಿಡ್ಡಿಗೆ ಕರಗುತ್ತದೆ. ಹಳದಿ, ಮೇಯೊನೇಸ್ ಎರಡೂ ಜಿಡ್ಡು. ಪುಡಿ ಕಲಸಿದ ಕೂಡಲೇ ರುಚಿ ನೋಡಿದರೆ ಖಾರ ಇನ್ನೂ ಪುಡಿಯೊಳಗೇ ಕೂತಿರುತ್ತದೆ. ಗಂಟೆ ಕಳೆದ ಮೇಲೆ ಜಿಡ್ಡಿಗೆ ಇಳಿದು ಎಲ್ಲ ಕಡೆ ಹರಡುತ್ತದೆ. ಬಾಯಲ್ಲೂ ಅಷ್ಟೆ. ಮೊದಲು ಜಿಡ್ಡು ನಾಲಿಗೆಗೆ ತಾಗಿ ತಣ್ಣಗೆ ಅನಿಸುತ್ತದೆ, ನುಂಗಿದ ಮೇಲೆ ಖಾರ ಹಿಂದಿನಿಂದ ಬರುತ್ತದೆ. ಈ ತಿಂಡಿಯ ಮಜಾ ಅದೇ.

ಉಪ್ಪಿನ ಕಥೆ ಉಲ್ಟಾ. ತಣ್ಣಗಾದರೆ ಉಪ್ಪು ಕಡಿಮೆ ಅನಿಸುತ್ತದೆ. ಆದ್ದರಿಂದ ನಾನು ಖಾರವನ್ನು ಒಂದು ಕೈ ಕಡಿಮೆ ಹಾಕಿ, ಫ್ರಿಜ್‌ನಲ್ಲಿ ಒಂದು ಗಂಟೆ ಇಟ್ಟು, ಆಮೇಲೆ ರುಚಿ ನೋಡಿ ಎರಡನ್ನೂ ಸರಿ ಮಾಡುತ್ತೇನೆ. ಆಗಲೇ ಜಾಸ್ತಿ ಆಗಿದ್ದರೆ ಇನ್ನೆರಡು ತತ್ತಿಯ ಹಳದಿ, ಒಂದು ಚಮಚ ಗಟ್ಟಿ ಮೊಸರು ಸೇರಿಸಿ. ಸಕ್ಕರೆ ಹಾಕಬೇಡಿ. ಉರಿ ಹೋಗುವುದಿಲ್ಲ, ಸಿಹಿ ಮಾತ್ರ ಉಳಿಯುತ್ತದೆ. ಬಾಯಿ ಸುಟ್ಟುಕೊಂಡವರಿಗೆ ನೀರಲ್ಲ, ಮಜ್ಜಿಗೆ ಕೊಡಿ.

ಮಕ್ಕಳಿಗೆ?

ಖಾರ ಹಾಕುವ ಮೊದಲೇ ಕಲಸಿದ್ದರಲ್ಲಿ ಅರ್ಧ ಬೇರೆ ತೆಗೆಯಿರಿ. ಮೇಲೆ ಕೆಂಪು ಪುಡಿ ಬದಲು ಕೊತಂಬರಿ ಎಲೆ ಇಡಿ, ಯಾವುದು ಯಾರದು ಅಂತ ದೂರದಿಂದಲೇ ಗೊತ್ತಾಗುತ್ತದೆ.

ಮೇಯೊನೇಸ್ ಮನೆಯಲ್ಲೇ ಮಾಡಬಹುದಾ?

ಹಸಿ ತತ್ತಿಯ ಮೇಯೊನೇಸ್ ಪಾರ್ಟಿಗೆ ಬೇಡ. ಹಸಿ ತತ್ತಿಯಲ್ಲಿ ಸಾಲ್ಮೊನೆಲ್ಲಾ ಅನ್ನುವ ಹೊಟ್ಟೆ ಕೆಡಿಸುವ ರೋಗಾಣು ಇದ್ದರೆ ಒಲೆ ಕಾಣದ ಮೇಯೊನೇಸಿನಲ್ಲಿ ಅದು ಸಾಯುವುದಿಲ್ಲ. ಪಕ್ಕದ ತೆಲಂಗಾಣದಲ್ಲಿ 2024ರ ಅಕ್ಟೋಬರ್ ಕೊನೆಯಲ್ಲಿ ಸರ್ಕಾರವೇ ಹಸಿ ತತ್ತಿಯ ಮೇಯೊನೇಸ್ ಮಾಡುವುದನ್ನೂ ಮಾರುವುದನ್ನೂ ಒಂದು ವರ್ಷ ನಿಷೇಧಿಸಿತ್ತು. ಅಂಗಡಿಯಲ್ಲಿ ಸಿಗುವ ತತ್ತಿ ಇಲ್ಲದ ಮೇಯೊನೇಸ್ ಸಾಕು. ಅದು ಸ್ವಲ್ಪ ಸಿಹಿ ಇರುತ್ತದೆ, ಅದಕ್ಕೇ ನಾನು ಅರ್ಧ ಮೊಸರು ಹಾಕುವುದು. ಮೇಯೊನೇಸೇ ಬೇಡ ಅನ್ನುವವರು ಪೂರ್ತಿ ಗಟ್ಟಿ ಮೊಸರು, ಒಂದು ಚಮಚ ಬೆಣ್ಣೆ ಹಾಕಿ.

ಬಾಟಲಿ ಸಾಸಿವೆ ಸಾಸ್ ಇಲ್ಲ, ಮನೆಯ ಸಾಸಿವೆ ಅರೆದು ಹಾಕಲಾ?

ಅರ್ಧ ಸಣ್ಣ ಚಮಚ ಸಾಸಿವೆಯನ್ನು ನೀರಿನಲ್ಲಿ ಎರಡು ಗಂಟೆ ನೆನೆಸಿ, ಚಿಟಿಕೆ ಉಪ್ಪು, ನಿಂಬೆ ರಸದ ಜೊತೆ ನುಣ್ಣಗೆ ಅರೆಯಿರಿ. ಅರೆಬರೆ ಅರೆದರೆ ಕಹಿ ಹಲ್ಲಿಗೆ ಸಿಗುತ್ತದೆ.

ಚೆಂದಾಗಿ ತುಂಬುವುದು ಹೇಗೆ? ತಾಟಿನಲ್ಲಿ ಜಾರುತ್ತವಲ್ಲ?

ಕತ್ತರಿಸಲು ಹೊಲಿಗೆ ದಾರ ಬಳಸಿ, ಚಾಕುವಿಗಿಂತ ನೀಟು. ಚಾಕುವೇ ಆದರೆ ಪ್ರತಿ ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ. ಹೋಳಿನ ಬೆನ್ನಿನಿಂದ ಒಂದು ತೆಳು ಪದರ ಕೆತ್ತಿದರೆ ಅಲುಗಾಡದೆ ಕೂರುತ್ತದೆ. ತುಂಬಲು ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿದರೆ ಸಾಕು, ಮೆಹಂದಿ ಕೋನ್ ಹಿಡಿಯುವ ಕೈಗೆ ಇದು ಎರಡು ನಿಮಿಷದ ವಿದ್ಯೆ. ನಮ್ಮ ಮನೆಯಲ್ಲಿ ಈ ಕೆಲಸ ಪಕ್ಕದ ಮನೆಯ ಕಾಲೇಜು ಹುಡುಗಿಯರದು.

ಬಡಿಸುವ ಐದು ನಿಮಿಷ ಮೊದಲು ಕಟಕ ರೊಟ್ಟಿ (ಒಣಗಿಸಿದ ಗಟ್ಟಿ ಜೋಳದ ರೊಟ್ಟಿ) ಪುಡಿ ಮಾಡಿ ಮೇಲೆ ಉದುರಿಸಿ. ಮೆತ್ತನೆಯ ತತ್ತಿಯ ಮೇಲೆ ಆ ಕರಕರ ಇದ್ದರೆ ಬೇರೆಯೇ ರುಚಿ. ಮೊದಲೇ ಉದುರಿಸಿದರೆ ಮೆತ್ತಗಾಗಿ ಸುಮ್ನೆ ದಂಡ.

ಬಿದ್ರಿ ತಾಟಿನಲ್ಲಿ ಇಡಬಹುದಾ? ಕಪ್ಪಿನ ಮೇಲೆ ಬಿಳಿ ಚೆಂದ ಕಾಣುತ್ತದೆ.

ಕಾಣುತ್ತದೆ, ಆದರೆ ಇಡಬೇಡಿ. ಬಿದ್ರಿ ಲೋಹದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ನಿಂಬೆ, ವಿನೆಗರ್, ಮೊಸರಿನ ಹುಳಿ ಸತುವನ್ನು ಕರಗಿಸುತ್ತದೆ. ತಿಂಡಿಯೂ ಕೆಡುತ್ತದೆ, ಬೀದರ್ ಕುಶಲಕರ್ಮಿಯ ತಿಂಗಳುಗಟ್ಟಲೆ ಕೆಲಸವೂ ಕೆಡುತ್ತದೆ. ಮದುವೆಯಲ್ಲಿ ಬಂದ ತಾಟು ಶೋಕೇಸಿನಲ್ಲೇ ಇರಲಿ. ಸ್ಟೀಲು, ಪಿಂಗಾಣಿ, ಬಾಳೆ ಎಲೆ ಹಾಸಿದ ಟ್ರೇ, ಯಾವುದಾದರೂ ಆದೀತು.

ಬೇಸಿಗೆಯಲ್ಲಿ ಎಷ್ಟು ಹೊತ್ತು ಹೊರಗೆ ಇಡಬಹುದು?

ಇದೊಂದರಲ್ಲಿ ನಾನು ಹಟಮಾರಿ. ಬೇಯಿಸಿದ ತತ್ತಿಯ ತಿನಿಸು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಕಲಬುರಗಿಯ ಮೇ ತಿಂಗಳಲ್ಲಿ 40 ದಾಟುವುದು ಮಾಮೂಲು, ಸಂಜೆ ಏಳಕ್ಕೂ ಮಾಳಿಗೆಯ ನೆಲ ಕಾಲು ಸುಡುತ್ತದೆ.

ಒಂದು ಮೇ ತಿಂಗಳಲ್ಲಿ ಮಗಳ ಹುಟ್ಟುಹಬ್ಬವನ್ನು ಮಾಳಿಗೆಯ ಮೇಲೆ ಇಟ್ಟೆ. ಆರು ಗಂಟೆಗೇ 60 ಹೋಳು ಜೋಡಿಸಿ, ಮೇಲೆ ಜಾಳಿಗೆ ಮುಚ್ಚಿ, ಫೋಟೋ ಎಲ್ಲ ತೆಗೆದೆ. ಕೇಕ್ ತರಲು ಹೋದವರು ಬಂದದ್ದು ಎಂಟಕ್ಕೆ. ಅಷ್ಟರಲ್ಲಿ ಕರೆಂಟೂ ಹೋಗಿತ್ತು. ತುಂಬಿದ್ದು ಎಣ್ಣೆ ಬಿಟ್ಟು ಜಾರಿ ತಾಟಿಗೆ ಇಳಿದಿತ್ತು, ಬಿಳಿ ಬೆವರುತ್ತಿತ್ತು. ಅರವತ್ತನ್ನೂ ಎಸೆದೆ. ಅತ್ತೆಯವರು ಎರಡು ದಿನ ಅದನ್ನೇ ಆಡಿಕೊಂಡರು.

ಈಗ ಅಗಲವಾದ ಪರಾತದಲ್ಲಿ ಐಸ್ ಹರಡಿ, ಅದರ ಮೇಲೆ ಸ್ಟೀಲ್ ತಾಟು ಇಟ್ಟು ಬಡಿಸುತ್ತೇನೆ. ಒಂದು ಸಲಕ್ಕೆ ಹದಿನೈದು ಇಪ್ಪತ್ತು ಹೋಳು ಮಾತ್ರ ಹೊರಗೆ, ಉಳಿದದ್ದು ಫ್ರಿಜ್‌ನಲ್ಲಿ. ಸಣ್ಣ ತಾಟು ಬೇಗ ಖಾಲಿಯಾಗುತ್ತದೆ, ಮಂದಿಗೂ ‘ಇನ್ನೂ ಇದೆಯಾ’ ಅಂತ ಆಸೆ ಹುಟ್ಟುತ್ತದೆ.

ಹಿಂದಿನ ದಿನವೇ ಮಾಡಿಡಬಹುದಾ?

ಬೇಯಿಸಿ, ಕತ್ತರಿಸಿ, ಕಲಸಿ ಇಡಿ. ತುಂಬಬೇಡಿ. ಬಿಳಿ ಹೋಳುಗಳನ್ನು ಡಬ್ಬಿಯಲ್ಲಿ ಒದ್ದೆ ಬಟ್ಟೆ ಮುಚ್ಚಿ ಇಡಿ, ಇಲ್ಲದಿದ್ದರೆ ಅಂಚು ಒಣಗಿ ರಬ್ಬರಾಗುತ್ತದೆ. ಕಲಸಿದ್ದನ್ನು ಪ್ಯಾಕೆಟ್ಟಿಗೆ ತುಂಬಿ ಬಾಯಿ ಕಟ್ಟಿ. ಮಂದಿ ಬರುವ ಒಂದು ಗಂಟೆ ಮೊದಲು ಮೂಲೆ ಕತ್ತರಿಸಿ ತುಂಬಿದರೆ ಆಯಿತು. ಫ್ರಿಜ್‌ನಲ್ಲಿ ಎರಡು ದಿನ ಚೆನ್ನಾಗಿರುತ್ತದೆ. ಫ್ರೀಜರಿನಲ್ಲಿ ಮಾತ್ರ ಇಡಬೇಡಿ, ಬಿಳಿ ನೀರು ಬಿಟ್ಟು ಸ್ಪಂಜಿನ ಹಾಗೆ ಆಗುತ್ತದೆ.

ತತ್ತಿ ತಿನ್ನದವರಿಗೆ ಏನು ಮಾಡುವುದು?

ನಮ್ಮ ಊರಿನ ಪಾರ್ಟಿ ಅಂದರೆ ಅರ್ಧ ಮಂದಿ ತಿನ್ನುವವರು, ಅರ್ಧ ಮಂದಿ ತಿನ್ನದವರು. ಶ್ರಾವಣ ಬಂದರೆ ತಿನ್ನುವವರೂ ತಿನ್ನುವುದಿಲ್ಲ. ಸೋಮವಾರ, ಅಮಾವಾಸ್ಯೆ ನೋಡಿಕೊಂಡೇ ದಿನ ಇಡಬೇಕು. ತಿನ್ನದವರಿಗೆ ಸಣ್ಣ ಆಲೂಗಡ್ಡಿಯನ್ನು ಬೇಯಿಸಿ, ಎರಡು ಹೋಳು ಮಾಡಿ, ನಡುವೆ ಗುಳಿ ತೆಗೆದು, ಪನೀರ್, ಗಟ್ಟಿ ಮೊಸರು, ಅದೇ ಹಿಂಡಿ, ಅದೇ ಖಾರ ಕಲಸಿ ತುಂಬಿ. ನೋಡಲು ಅಣ್ಣ ತಮ್ಮಂದಿರ ಹಾಗೆ ಇರುತ್ತವೆ.

ಅದಕ್ಕೇ ಬೇರೆ ತಾಟು, ಬೇರೆ ಟೇಬಲ್, ಬೇರೆ ಚಮಚ ಇಡಿ. ಮೊದಲು ಆಲೂಗಡ್ಡಿಯದು ಮಾಡಿ ಮುಗಿಸಿ, ಆಮೇಲೆ ತತ್ತಿ ಮುಟ್ಟಿ. ‘ಇದರಲ್ಲಿ ತತ್ತಿ ಇಲ್ಲ’ ಅಂತ ಬಾಯಲ್ಲಿ ಹೇಳಿದರೆ ಸಾಲದು, ಚೀಟಿ ಬರೆದಿಡಿ. ಯಾರಾದರೂ ಗೊತ್ತಿಲ್ಲದೆ ಬಾಯಿಗೆ ಹಾಕಿಕೊಂಡರೆ ಆ ಬೇಜಾರು ವರ್ಷಗಟ್ಟಲೆ ಇರುತ್ತದೆ.

ಬೀದರಿಗೋ ಯಾದಗಿರಿಗೋ ನೆಂಟರ ಮನೆಗೆ ಒಯ್ಯಬಹುದಾ?

ತುಂಬಿ ಒಯ್ಯಬೇಡಿ, ರಸ್ತೆಯ ಕುಲುಕಾಟಕ್ಕೆ ಎಲ್ಲ ಒಂದಾಗಿಬಿಡುತ್ತದೆ. ಬಿಳಿ ಹೋಳು ಒಂದು ಡಬ್ಬಿಯಲ್ಲಿ, ಕಲಸಿದ್ದು ಪ್ಯಾಕೆಟ್ಟಿನಲ್ಲಿ, ಎರಡನ್ನೂ ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಡಿ. ಕಟಕ ರೊಟ್ಟಿಯನ್ನು ಬೇರೆ ಕಟ್ಟಿಕೊಳ್ಳಿ. ಊರು ಮುಟ್ಟಿದ ಮೇಲೆ ಅವರ ಅಡುಗೆಮನೆಯಲ್ಲೇ ಕತ್ತರಿ ಕೇಳಿ, ಮೂಲೆ ಕತ್ತರಿಸಿ ತುಂಬಿ. ಹೇಗೂ ಯಾರಾದರೂ ‘ನಾ ತುಂಬ್ತೀನಿ ಕೊಡ್ರಿ’ ಅಂತ ಕಸಿದುಕೊಳ್ಳುತ್ತಾರೆ.